ಒಂದೇ ಗಾಡಿ ದಾಟುವ ಸೇತುವೆ

"ಸೇತು ಕೂಡಿಸಿದ ಮ್ಯಾಲ ಏನಾಗಬೇಕು ಅಂತ ನಿಮಗ ಆಸೆ ಐತಿ, ಸುವರ್ಣಾ ಅವರ? ನೀವ ಹೇಳ್ರಿ," ಎಂದು ಡಾಕ್ಟರ್ ಇನಾಂದಾರ ನನ್ನ ಮುಖ ನೋಡಿ ಕೇಳಿದರು. ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವರು ನಮ್ಮ ಅತ್ತೆ ನೀಲವ್ವ.

"ನಡೀಬೇಕ್ರಿ ಸಾಹೇಬ್ರ, ಮತ್ತೇನೈತಿ? ತಾನ ಎದ್ದು ಬಚ್ಚಲಕ್ಕ ಹೋಗಿ ಬಂದ್ಲಂದ್ರ ಸಾಕು. ಉಳದದ್ದೆಲ್ಲಾ ಅದರ ಹಿಂದ ಬರತೈತಿ."

"ಹೌದ್ರಿ, ಅಷ್ಟ," ಎಂದ ನನ್ನ ಗಂಡ ಫಕೀರಪ್ಪ. ಪಿಯುಸಿ ಓದುವ ಮಗಳು ಪಲ್ಲವಿ ಮೊಬೈಲಿನಿಂದ ತಲೆ ಎತ್ತಿ ನನ್ನ ಕಡೆ ನೋಡಿದಳು. ನಾನು ಹೂಂ ಎಂದು ತಲೆ ಆಡಿಸಿದೆ.

ಯಾಕೆ ಆಡಿಸಿದೆನೋ! ನಾನೇನು ಬಾಯಿಲ್ಲದ ಹೆಂಗಸಲ್ಲ. ಬಸ್ಸಿನ ಕಂಡಕ್ಟರ್ ಆಗಿದ್ದವಳು. ಬಾಗಿಲಲ್ಲಿ ಜೋತಾಡುವ ಹುಡುಗರನ್ನು ಕಿವಿ ಹಿಡಿದು ಒಳಗೆ ಎಳೆದವಳು, ಟಿಕೆಟ್ ತೆಗೆಯದೆ ನಿದ್ದೆಯ ನಾಟಕ ಆಡುವ ದೊಡ್ಡಮನುಷ್ಯರನ್ನು ಎಬ್ಬಿಸಿ ಇಳಿಸಿದವಳು. ಆದರೆ ಆ ಹೊತ್ತು ನನಗೆ ಬೇಕಾಗಿದ್ದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಗಂಡ, ಅತ್ತೆ, ವಯಸ್ಸಿಗೆ ಬಂದ ಮಗಳು, ಸಾಲದ್ದಕ್ಕೆ ಗುರುತಿಲ್ಲದ ಗಂಡಸು ಡಾಕ್ಟರು. ಇಷ್ಟು ಜನರ ಮುಂದೆ ಅಂಥ ಮಾತು ಯಾವ ಹೆಣ್ಣುಮಗಳು ಆಡುತ್ತಾಳೆ? ನಾಚಿಕೆಯಿಂದ ನುಂಗಿಕೊಂಡು ಸುಮ್ಮನಾದೆ.

ಈ ಸೇತು ಎಂದರೆ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಬಸ್ಸು ಹಳ್ಳದ ತಿರುವಿನಲ್ಲಿ ಮಗುಚಿದಾಗ ನನ್ನ ಬೆನ್ನುಹುರಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಜಜ್ಜಿಹೋಯಿತು. ಮಿದುಳು ಕಳಿಸಿದ ಹುಕುಂ ಗಾಯದವರೆಗೆ ಬಂದು ನಿಂತುಬಿಡುತ್ತದೆ. ಕೆಳಗಿನ ಸುದ್ದಿಯೂ ಮೇಲಕ್ಕೆ ಬರುವುದಿಲ್ಲ. ಧಾರವಾಡದ ಆಚೆ ಗುಡ್ಡದ ಮೇಲಿರುವ ಈ ಸಂಶೋಧನಾ ಕೇಂದ್ರದವರು ಕೂದಲಿಗಿಂತ ಸಣ್ಣ ತಂತಿಗಳಿರುವ ಒಂದು ತೆಳುವಾದ ಪಟ್ಟಿಯನ್ನು ಗಾಯದ ಮೇಲಿನಿಂದ ಕೆಳಗಿನವರೆಗೆ ಬೆನ್ನುಹುರಿಗೆ ಹೊದಿಸುತ್ತಾರೆ. ಮೇಲಿನ ಅಂಚು ಹುಕುಂ ಹಿಡಿದುಕೊಳ್ಳುತ್ತದೆ. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಇಟ್ಟ ಸಣ್ಣ ಬಿಲ್ಲೆಯಂಥ ಯಂತ್ರ ಅದರ ಅರ್ಥ ತಿಳಿದು ಕೆಳಗಿನ ಅಂಚಿಗೆ ದಾಟಿಸುತ್ತದೆ. ಕೆಳಗಿನ ನರಗಳು ನಿಧಾನವಾಗಿ ಅದರ ಭಾಷೆ ಕಲಿಯುತ್ತವೆ.

ಆದರೆ ದಾರಿ ಇಕ್ಕಟ್ಟು. "ನೀವು ಬಸ್ಸಿನವರು, ನಿಮಗ ತಿಳೀತದ. ಇದು ಒಂದೇ ಗಾಡಿ ದಾಟೂವಂಥ ಸೇತುವೆ," ಎಂದಿದ್ದರು ಇನಾಂದಾರರು. ಕಾಲಿನ ಸ್ನಾಯುಗಳಿಗೆ ಹುಕುಂ ಕಳಿಸಬೇಕೆಂದರೆ ಎಲ್ಲ ತಂತಿಗಳೂ ಅದಕ್ಕೇ ಬೇಕು. ಮೂತ್ರ, ಮಲದ ಹಿಡಿತ ಬೇಕೆಂದರೆ ಕೆಳಗಿನ ಸುದ್ದಿ ಮೇಲೆ ಬರಬೇಕು, ಮೇಲಿನ ಹುಕುಂ ಕೆಳಗೆ ಹೋಗಬೇಕು. ಅದಕ್ಕೂ ಎಲ್ಲ ತಂತಿಗಳೂ ಬೇಕು. ಎರಡನ್ನೂ ಒಟ್ಟಿಗೆ ದಾಟಿಸುವುದು ಅವರಿಗೆ ಇನ್ನೂ ಸಾಧ್ಯವಾಗಿರಲಿಲ್ಲ. ಮತ್ತೆ ಒಂದು ಸಲ ಕೆಲಸ ಹಚ್ಚಿದ ಮೇಲೆ ಪಟ್ಟಿಯ ಸುತ್ತ ಮಾಂಸ ಬೆಳೆದು, ನರಗಳು ಅದೇ ಪಾಠ ಕಲಿತು ಗಟ್ಟಿಯಾಗುತ್ತವೆ. ಬದಲಿಸುತ್ತೇನೆಂದರೆ ಆಗುವುದಿಲ್ಲ. ಅದಕ್ಕೇ ಮೊದಲು ತಾತ್ಕಾಲಿಕವಾಗಿ ಓಡಿಸಿ ನೋಡಿ, ಆಮೇಲೆ ಕಾಯಂ ಮಾಡುವುದು ಅವರ ಪದ್ಧತಿ. ಇಷ್ಟನ್ನೂ ಅವರು ಚಿತ್ರ ತೋರಿಸಿ, ತಿಳಿಯುವಂತೆ ಹೇಳಿದ್ದರು. ನನಗೆ ತಿಳಿದಿತ್ತು. ನಮ್ಮ ಮನೆಯವರು ಮಾತ್ರ "ನಡಿಗೆ" ಎಂಬುದೊಂದನ್ನು ಕೇಳಿಸಿಕೊಂಡು ಕೈ ಮುಗಿದಿದ್ದರು.

ಅತ್ತೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಅವರು ಊರ ದೇವಿಯ ಮುಂದೆ ನಿಂತು, "ನನ್ನ ಸೊಸಿ ಎದ್ದು ನಡಿಯೂತನಕ ಕಾಲಾಗ ಚಪ್ಪಲ ಹಾಕಂಗಿಲ್ಲ" ಎಂದು ಹರಕೆ ಹೊತ್ತು ಬಂದಿದ್ದರು. ಅವತ್ತಿನಿಂದ ಬರಿಗಾಲು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಡಾಂಬರು ಕುದಿಯುತ್ತದೆ. ಹಿಮ್ಮಡಿಯೆಲ್ಲ ಸೀಳಿ ರಕ್ತ ಒಸರುತ್ತಿತ್ತು. ಸಂಜೆ ಕೊಬ್ಬರಿಎಣ್ಣೆ ಹಚ್ಚಿಕೊಳ್ಳುತ್ತ ಕೂತರೆ ಓಣಿಯ ಹೆಂಗಸರು, "ಇಂಥಾ ಅತ್ತಿ ಎಲ್ಲಿ ಸಿಗತಾರ, ನಿನ್ನ ಪುಣ್ಯ" ಎನ್ನುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ. ಅಂಥವರ ಎದುರು ನನಗೆ ನಡಿಗೆ ಬೇಡ ಎಂದು ಯಾವ ಬಾಯಿಂದ ಹೇಳಲಿ?

ಹೌದು, ನನಗೆ ನಡಿಗೆ ಬೇಕಾಗಿರಲಿಲ್ಲ. ಗಾಲಿಕುರ್ಚಿ ನನಗೆ ಒಗ್ಗಿಹೋಗಿತ್ತು. ಒಗ್ಗದೇ ಇದ್ದದ್ದು ಇನ್ನೊಂದು. ಹೊತ್ತುಹೊತ್ತಿಗೆ ನಳಿಗೆ ಹಾಕಿ ಮೂತ್ರ ತೆಗೆಯುವುದನ್ನು ಕಲಿತಿದ್ದೆ. ಆದರೂ ನಡುವೆ ಒಂದು ಕೆಮ್ಮು ಬಂದರೆ, ಮಂಚದಿಂದ ಕುರ್ಚಿಗೆ ಹೊರಳಿದರೆ, ಜೋರಾಗಿ ನಕ್ಕರೆ ಮುಗಿಯಿತು. ಒದ್ದೆಯಾದದ್ದೂ ತಿಳಿಯುವುದಿಲ್ಲ. ವಾಸನೆ ಬಂದು ಹೇಳಬೇಕು, ಇಲ್ಲವೇ ಎದುರಿಗೆ ಕೂತವರ ಮುಖ ಹೇಳಬೇಕು. ಇನ್ನೊಂದರ ವಿಷಯ ಬೇಡವೇ ಬೇಡ. ಪಲ್ಲವಿ ಕಾಲೇಜಿಗೆ ಹೋಗುವ ಮುಂಚೆ ನನ್ನ ಹಾಸಿಗೆಯ ಬಟ್ಟೆ ಹಿಂಡಿ ಹಾಕಿ ಹೋಗುತ್ತಿದ್ದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ಬೈದು ಹಗುರಾಗುತ್ತಿದ್ದೆ. ಅವಳ ಗೆಳತಿಯರು ಮಾತ್ರ ಗೇಟಿನ ಹೊರಗೇ ನಿಂತು ಮಾತಾಡಿ ಹೋಗುತ್ತಿದ್ದರು, ಒಳಗೆ ಕರೆಯುವುದನ್ನು ಅವಳು ಬಿಟ್ಟಿದ್ದಳು. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಇಲಾಖೆಯವರು ಒಳ್ಳೆಯವರು, ನನಗೆ ಹಗುರ ಕೆಲಸ ಕೊಟ್ಟಿದ್ದರು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವ ಕೆಲಸ. ಮೊದಲ ದಿನ ನನ್ನ ದನಿ ಸ್ಟ್ಯಾಂಡಿನ ತುಂಬ ಕೇಳಿದಾಗ ಹಳೆಯ ಡ್ರೈವರುಗಳು ಹಾರ್ನ್ ಬಾರಿಸಿ, "ಸುವರ್ಣಕ್ಕ ಬಂದ್ಲೋ!" ಎಂದು ಕೂಗಿದರು. ಜೀವ ಬಂದ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಕುರ್ಚಿಯ ಕೆಳಗಿನಿಂದ ಒಂದು ಗೆರೆ ಹರಿದು ಪಕ್ಕದಲ್ಲಿ ಕೂತ ಕಂಟ್ರೋಲರ್ ಚಪ್ಪಲಿಯವರೆಗೆ ಹೋಗಿತ್ತು. ಪಾಪ, ಅವರು ತಮ್ಮ ಚೀಲ ಎತ್ತಿ ಮೇಜಿನ ಮೇಲೆ ಇಟ್ಟುಕೊಂಡರು, ಅಷ್ಟೇ. ನಾನು "ಬಾಗಲಕೋಟಿ ಕಡೆ ಹೋಗುವ" ಎಂದು ಅರ್ಧಕ್ಕೇ ನಿಲ್ಲಿಸಿದೆ. ಬಸ್ಸು ಎಲ್ಲಿದೆಯೆಂದು ಜನ ಹುಡುಕಾಡಿದರಂತೆ. ಬೆನ್ನು ನೋವು ಎಂದು ಸುಳ್ಳು ಹೇಳಿ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ದಸರಾದವರೆಗೆ ಆ ಜಾಗ ಖಾಲಿ ಇಡುತ್ತೇವೆ, ಮೈ ಸರಿಹೋದರೆ ಬಾ ಎಂದು ಅವರು ಹೇಳಿ ಕಳಿಸಿದ್ದರು. ನನಗೆ ಬೇಕಾಗಿದ್ದದ್ದು ಆ ಕುರ್ಚಿ, ಅದರಲ್ಲಿ ಒಣಗಿದ ಸೀರೆಯಲ್ಲಿ ಕೂಡುವುದು.

ಶಸ್ತ್ರಕ್ರಿಯೆ ಮಾಡಿ ಸೇತು ಕೂಡಿಸಿದರು. ತಲೆ ಆಡಿಸಿದ ತಪ್ಪಿಗೆ ಪರೀಕ್ಷೆ ನಡಿಗೆಯದೇ ಆಯಿತು. ಕೇಂದ್ರದ ದೊಡ್ಡ ಹಾಲಿನಲ್ಲಿ ಎರಡು ಕಬ್ಬಿಣದ ಸರಳುಗಳ ನಡುವೆ ನನ್ನನ್ನು ಬೆಲ್ಟು ಕಟ್ಟಿ ನಿಲ್ಲಿಸಿದರು. ಗಾಜಿನ ಆಚೆ ಕಂಪ್ಯೂಟರುಗಳ ಕೋಣೆಯಲ್ಲಿ ಇನಾಂದಾರರೂ ಅವರ ಕಡೆಯ ಎಂಜಿನಿಯರ್ ಹುಡುಗಿಯರೂ ಕೂತಿದ್ದರು. "ಸುವರ್ಣಾ ಅವರ, ಬಲಗಾಲು ಎತ್ತಬೇಕಂತ ಮನಸ್ಸಿನಾಗ ಅಂದ್ಕೋರಿ" ಎಂದು ಸ್ಪೀಕರಿನಲ್ಲಿ ಕೇಳಿಸಿತು. ಅಂದುಕೊಂಡೆ. ಬಲಗಾಲು ಎದ್ದಿತು! ಎಡಗಾಲೂ ಎದ್ದಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೂ ಕಣ್ಣು ತುಂಬಿತು. ಫಕೀರಪ್ಪ ಅಳುತ್ತಲೇ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಅತ್ತೆ ಸರಳಿನ ಪಕ್ಕದಲ್ಲಿ ನನ್ನ ಜೊತೆಜೊತೆಗೇ ಹೆಜ್ಜೆ ಹಾಕುತ್ತ, "ಬಾ ಯವ್ವಾ, ಬಾ, ಹಂಗ ಬಾ" ಎನ್ನುತ್ತಿದ್ದರು.

ಸರಳುಗಳ ಅರ್ಧಕ್ಕೆ ಬಂದಿರಬೇಕು, ಕೆಳಗೆ ನೋಡಿದೆ. ಬೂದು ಬಣ್ಣದ ರಬ್ಬರ್ ನೆಲ ನನ್ನ ಕಾಲ ಬುಡದಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು. ನನ್ನ ಕಾಲಿಗೆ ಅದರ ಬಿಸಿಯೂ ತಾಗಿರಲಿಲ್ಲ. ಮಣ್ಣೊಳಗೆ ಇಳಿದು ಹೋಗಬಾರದೇ ಅನ್ನಿಸಿತು. ನಾನು ನೋಡಿದ್ದನ್ನು ಅತ್ತೆಯೂ ನೋಡಿದರು. ಅವರು ಸರಳಿನ ಕೆಳಗೆ ಬಗ್ಗಿ ಒಳಗೆ ಬಂದು, ಆ ಒದ್ದೆಯ ಮೇಲೆಯೇ ಸೀಳಿದ ಬರಿಗಾಲು ಊರಿ, ಸೀರೆ ಅಗಲ ಮಾಡಿ ನನ್ನ ಎದುರು ನಿಂತುಬಿಟ್ಟರು. ಸೆರಗಿನಿಂದ ನನ್ನ ಮುಖ ಒರೆಸತೊಡಗಿದರು. ಗಾಜಿನ ಆಚೆಯವರು ಚಪ್ಪಾಳೆ ತಟ್ಟಿದರು. ವಿಡಿಯೊದಲ್ಲಿ ನೋಡಿದವರಿಗೆ ಅತ್ತೆ ಸೊಸೆಯ ಬೆವರು ಒರೆಸುವುದಷ್ಟೇ ಕಾಣುತ್ತದೆ. ನನ್ನನ್ನು ಕುರ್ಚಿಗೆ ಇಳಿಸಿ, ಪಲ್ಲವಿ ಬಟ್ಟೆ ತಂದು ನೆಲ ಒರೆಸುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.

ಸಂಜೆ ಕೇಂದ್ರದವರು ಕೊಟ್ಟ ಕೋಣೆಯಲ್ಲಿ ನಾನೂ ಅತ್ತೆಯೂ ಇಬ್ಬರೇ ಇದ್ದೆವು. ಫಕೀರಪ್ಪ ಪಲ್ಲವಿಯನ್ನು ಕರೆದುಕೊಂಡು ಚಹಾ ಕುಡಿಯಲು ಹೋಗಿದ್ದ. ಅವನು ಡಿಪೋದಲ್ಲಿ ಮೆಕ್ಯಾನಿಕ್, ವಿಡಿಯೊ ಅಷ್ಟರಲ್ಲಿ ಡಿಪೋ ತುಂಬ ಹರಡಿತ್ತು. ಅತ್ತೆ ಕಾಲು ತೊಳೆದುಕೊಂಡು ಬಂದು ನನ್ನ ಮಂಚದ ಹತ್ತಿರ ನೆಲದ ಮೇಲೆ ಕೂತರು.

"ನಡಿಯಾಕ ಬಂದ್ರ ಇದೂ ನಿಂದ್ರತೈತಿ ಅಂತ ತಿಳದಿದ್ನಲ್ಲ ನಾ," ಎಂದರು.

"ಇಲ್ರಿ ಅತ್ತಿ. ಎರಡರಾಗ ಒಂದ. ಡಾಕ್ಟರ್ ಹೇಳಿದ್ರಲ್ರಿ."

"ಅವರು ಹೇಳಿದ್ದು ನನಗೇನ ತಿಳೀತೈತಿ? ತಂತಿ ಅಂದ್ರು, ಪಟ್ಟಿ ಅಂದ್ರು. ನೀ ಹೇಳಬೇಕಿತ್ತು. ಬಸ್ಸಿನ್ಯಾಗ ಗಂಡಸರಿಗೆ ಹಿಗ್ಗಾಮುಗ್ಗಾ ಬೈಯಾಕಿ, ಮನ್ಯಾಗ ನಿನ್ನ ಬಾಯಿಗೆ ಏನ್ ಬಡದಿತ್ತು?"

"ನಿಮ್ಮ ಹರಕಿ ಐತಲ್ರಿ."

"ನನ್ನ ಹರಕಿ ನಂದು, ದೇವೀದು. ನಡುವ ನೀ ಯಾಕ ಬರತಿ?" ಎಂದು ಸಿಡುಕಿದರು. ಸಿಡುಕುತ್ತ ಸಿಡುಕುತ್ತಲೇ ಕಣ್ಣು ಒರೆಸಿಕೊಂಡರು.

"ಹಂಗಾದ್ರ ನಿಮ್ಮ ಮಗಗ ನೀವ ಹೇಳ್ರಿ ಅತ್ತಿ."

"ಛೀ! ಗಂಡುಮಗನ ಮುಂದ ಆ ಮಾತು ನಾ ಹೆಂಗ ಆಡ್ಲಿ? ನೀನ ಹೇಳು," ಎಂದು ಅವರೂ ಮುಖ ತಿರುಗಿಸಿದರು. ಆ ಹೊತ್ತಿನಲ್ಲೂ ನನಗೆ ನಗು ಬಂತು. ನಕ್ಕರೆ ಏನಾಗುತ್ತದೆಂದು ನೆನಪಾಗಿ ತಡೆದುಕೊಂಡೆ.

ಮರುದಿನ ಬೆಳಿಗ್ಗೆ ಕಾಯಂ ಮಾಡುವ ಮಾತು. ಗಾಜಿನ ಕೋಣೆಗೆ ನಮ್ಮನ್ನೆಲ್ಲ ಕರೆಸಿದ್ದರು. ಫಕೀರಪ್ಪ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. "ನಿನ್ನೆ ಭಾಳ ಛಲೋ ಆತು. ಹಂಗಾದ್ರ ನಡಿಗೆಗೇ ಹಚ್ಚೋಣಲ್ಲ?" ಎಂದರು ಇನಾಂದಾರರು. "ಹಚ್ಚಿಬಿಡ್ರಿ ಸರ್," ಎಂದ ಫಕೀರಪ್ಪ. ಎಂಜಿನಿಯರ್ ಹುಡುಗಿ ಕಂಪ್ಯೂಟರಿನ ಮೇಲೆ ಕೈ ಇಟ್ಟಳು.

"ಹೋಲ್ಡಾನ್!"

ಎಲ್ಲರೂ ಇದ್ದಲ್ಲೇ ನಿಂತರು. ಕೂಗಿದ್ದು ನಾನೇ. ಬಸ್ಸು ನಿಲ್ಲಿಸುವ ದನಿ, ಅಷ್ಟು ದಿನ ಎಲ್ಲಿತ್ತೋ ಏನೋ. ಇನ್ನು ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ನೆಲ ನೋಡುತ್ತ ಹೇಳಿದೆ.

"ನನಗ ನಡಿಯೂದು ಬ್ಯಾಡ್ರಿ. ಉಚ್ಚಿ ಬಂದದ್ದು ನನಗ ಗೊತ್ತಾಗಬೇಕು. ಬಚ್ಚಲಕ್ಕ ಹೋಗೂತನಕ ನಿಂದ್ರಬೇಕು. ಹಿಂದಿನದೂ ಅಷ್ಟ. ಸೇತು ಅದಕ್ಕ ಹಚ್ರಿ."

ಕಿವಿಯೆಲ್ಲ ಬೆಂಕಿಯಾಯಿತು. ಎಂಜಿನಿಯರ್ ಹುಡುಗಿ ಸರಕ್ಕನೆ ಕಂಪ್ಯೂಟರಿನ ಕಡೆ ಮುಖ ಮಾಡಿದಳು. ಫಕೀರಪ್ಪನ ಮುಖ ಕೆಂಪಾಯಿತು.

"ಏನ್ ಮಾತಾಡಾಕತ್ತಿ? ತಲಿ ನೆಟ್ಟಗ ಐತೇನ? ನೀ ನಡದದ್ದು ಊರೆಲ್ಲಾ ನೋಡೈತಿ!"

"ನೋಡಿದವರು ಬಂದು ನನ್ನ ಹಾಸಿಗಿ ಒಗಿತಾರೇನ್ರಿ?"

ಅವನು ಪಲ್ಲವಿಯ ಕಡೆ ತಿರುಗಿದ. ಅವಳು ಅಳುತ್ತಿದ್ದಳು. "ಅಪ್ಪಾ, ಅವ್ವ ಹೇಳಿದಂಗ ಆಗ್ಲಿ," ಎಂದಳು. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡುತ್ತ, "ಹೂಂ, ಹಂಗ ಆಗ್ಲಿ" ಎಂದರು.

ಇನಾಂದಾರರು ಕನ್ನಡಕ ತೆಗೆದರು. "ಮೊದಲ ಯಾಕ ಹೇಳಲಿಲ್ರಿ? ನಾ ಕೇಳಿದ್ನಲ್ಲ. ಇಲ್ಲಿತನಕ ಬಂದವರನ್ನೆಲ್ಲಾ ಕೇಳೀನಿ. ಎಲ್ಲಾರೂ ನಡಿಗೇನ ಬೇಕಂದ್ರು."

"ಯಾರ ಮುಂದ ಕೇಳಿದ್ರಿ ಸರ್?"

ನಾನು ಚುಚ್ಚಬೇಕೆಂದು ಕೇಳಿದ್ದಲ್ಲ. ಅವರು ಗಾಜಿನ ಕಡೆ ತಿರುಗಿದರು. ಗಾಜಿನ ಆಚೆ ಹಾಲಿನಲ್ಲಿ ಒಬ್ಬ ಗಂಡಸು ಸರಳು ಹಿಡಿದು ನಡೆಯುತ್ತಿದ್ದ. ಅವನ ಅಪ್ಪ, ಕಾಕಾ, ಹೆಂಡತಿ ಎಲ್ಲರೂ ಸುತ್ತ ನಿಂತು ಹುರಿದುಂಬಿಸುತ್ತಿದ್ದರು. ಅವನು ಮಾತ್ರ ಮೇಲಂಗಿಯನ್ನು ಪದೇ ಪದೇ ಕೆಳಗೆ ಎಳೆದುಕೊಳ್ಳುತ್ತಿದ್ದ. ಇನಾಂದಾರರ ಕಣ್ಣು ಆ ಅಂಗಿಯ ಅಂಚಿನ ಮೇಲೇ ಇತ್ತು.

"ಮನಿಯವರ ಮುಂದ," ಎಂದರು. ಅಷ್ಟು ಓದಿದ ಮನುಷ್ಯ ತಲೆ ತಗ್ಗಿಸಿದ್ದನ್ನು ನೋಡಿ ನನಗೇ ಕೆಡುಕೆನಿಸಿತು.

ಸೇತುವನ್ನು ನಾನು ಹೇಳಿದ್ದಕ್ಕೇ ಹಚ್ಚಿದರು. ಸುದ್ದಿ ಮೇಲೆ ಬರುವ ದಾರಿ ತೆರೆಯಲು ತಿಂಗಳುಗಳೇ ಬೇಕಾಗಬಹುದು, ತೆರೆಯದೆಯೂ ಹೋಗಬಹುದು ಎಂದು ಮೊದಲೇ ಹೇಳಿದ್ದರು. ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ, ಯಂತ್ರಕ್ಕೆ ಪಾಠ ಕಲಿಸಲು ಅವರು ಕೊಟ್ಟ ಬೆಲ್ಟು ಎದೆಗೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ಹೊಕ್ಕುಳ ಕೆಳಗೆ ಏನಾದರೂ ತಿಳಿಯುತ್ತದೆಯೇ ಎಂದು ಕಾಯುತ್ತಿದ್ದೆ. ಏನೂ ಇಲ್ಲ. ಮೊದಲಿನ ಹಾಗೇ ಒದ್ದೆ, ಮೊದಲಿನ ಹಾಗೇ ಪಲ್ಲವಿ ಬಟ್ಟೆ ಹಿಂಡುವುದು.

ಫಕೀರಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ. ಎತ್ತಿ ಕೂಡಿಸುತ್ತಿದ್ದ, ತಾಟು ತಂದಿಡುತ್ತಿದ್ದ, ಮಾತು ಮಾತ್ರ ಇಲ್ಲ. ಡಿಪೋದಲ್ಲಿ ಯಾರಾದರೂ ಕೇಳಿದರೆ, "ಸುಧಾರಿಸಾಕತ್ತಾಳ, ಇನ್ನೇನು ನಡಿಯಾಕಿ" ಎನ್ನುತ್ತಿದ್ದನಂತೆ. ನನ್ನಿಂದ ಅವನೂ ಸುಳ್ಳು ಹೇಳುವಂತಾಯಿತಲ್ಲ ಎಂದು ಕೊರಗುತ್ತಿದ್ದೆ. ಕೈಗೆ ಬಂದ ನಾಲ್ಕು ಹೆಜ್ಜೆಯನ್ನು ಬಿಟ್ಟೆ, ಇದೂ ಬರದೆ ಹೋದರೆ? ಎರಡನ್ನೂ ಕಳೆದುಕೊಂಡ ಹುಚ್ಚಿ ಎಂದು ಜನ ನಗುವುದಿಲ್ಲವೇ? ದಸರಾ ಹತ್ತಿರ ಬಂದಿತ್ತು.

ಹೀಗಿರುವಾಗ ಒಂದು ಭಾನುವಾರ ಹೇಳದೆ ಕೇಳದೆ ಮಂದಿ ಬಂದರು. ಫಕೀರಪ್ಪನ ಕಾಕಾ ಶಿವರುದ್ರಪ್ಪ, ಅವರ ಕಡೆಯ ಹೆಂಗಸರು, ಡಿಪೋ ಮ್ಯಾನೇಜರ್, ಅವರ ಜೊತೆ ಡಿಪೋದ ನಾಲ್ಕಾರು ಜನ. ಕೈಯಲ್ಲಿ ಮಾಲೆ, ಶಾಲು, ಪೇಢೆಯ ಡಬ್ಬಿ. ವಿಡಿಯೊ ನೋಡಿ ಸನ್ಮಾನ ಮಾಡಲು ಬಂದಿದ್ದರು. ಪಡಸಾಲೆ ತುಂಬಿ ಬಾಗಿಲವರೆಗೂ ಜನ. ನನ್ನ ಕೊರಳಿಗೆ ಮಾಲೆ ಹಾಕಿ, ಶಾಲು ಹೊದಿಸಿ, ಎದುರಿಗೆ ಕೂತು ನೋಡತೊಡಗಿದರು.

"ಎಲ್ಲಿ, ಎರಡ ಹೆಜ್ಜಿ ನಡದು ತೋರಸು ನೋಡೂಣು," ಎಂದರು ಶಿವರುದ್ರಪ್ಪ ಕಾಕಾ.

ಫಕೀರಪ್ಪ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನು ನನ್ನ ಕಡೆ ನೋಡಲಿಲ್ಲ.

"ಇವತ್ತ ಆಕೀಗೆ ಆರಾಮಿಲ್ರಿ," ಎಂದರು ಅತ್ತೆ.

"ಏ, ನಾವು ಅಷ್ಟ ದೂರದಿಂದ ಬಂದೀವಿ. ಬೇಕಂದ್ರ ಎರಡೂ ಕಡೆ ಹಿಡಕೋತೀವಿ. ಏಳವಾ, ನಾಚಬ್ಯಾಡ," ಎಂದು ಕಾಕಾ ಎದ್ದು ನನ್ನ ತೋಳಿಗೆ ಕೈ ಹಾಕಲು ಬಂದರು. ಇವರಿಗೆಲ್ಲ ಏನೆಂದು ಹೇಳಲಿ, ಗಂಡನ ಮರ್ಯಾದೆ ಹೇಗೆ ಉಳಿಸಲಿ ಎಂದು ತಲೆ ತಗ್ಗಿಸಿದೆ.

ಆಗ ಹೊಕ್ಕುಳ ಕೆಳಗೆ ಏನೋ ಭಾರ ಅನ್ನಿಸಿತು.

ಮೊದಲು ತಿಳಿಯಲಿಲ್ಲ. ಹೊಟ್ಟೆ ನೋವೇನೋ ಅಂದುಕೊಂಡೆ. ಭಾರ ಸ್ವಲ್ಪ ಬಿಗಿಯಾಯಿತು. ಈ ಬಿಗಿ ನನಗೆ ಗೊತ್ತು! ದೂರದ ರೂಟಿನಲ್ಲಿ, ನಡುವೆ ಎಲ್ಲೂ ಇಳಿಯಲಾಗದೆ, ತೊಡೆ ಬಿಗಿದು ಟಿಕೆಟ್ ಹರಿಯುತ್ತಿದ್ದವಳಿಗೆ ಇದು ಗೊತ್ತಿರದೆ ಇರುತ್ತದೆಯೇ? ಹೆದರುತ್ತ ಹೆದರುತ್ತ ಒಳಗೇ ಬಿಗಿ ಹಿಡಿದು ನೋಡಿದೆ. ಕೈ ಕೆಳಗೆ ಹಾಕಿ ಮುಟ್ಟಿ ನೋಡಿದೆ. ಸೀರೆ ಒಣಗಿತ್ತು.

"ರೀ," ಎಂದೆ.

"ಏನು?" ಎಂದ ಫಕೀರಪ್ಪ. ಎಷ್ಟೋ ದಿನಗಳ ಮೇಲೆ ಆಡಿದ ಮಾತು.

"ಬಂದೈತ್ರಿ."

"ಏನ ಬಂದೈತಿ?"

ಅಷ್ಟು ಜನರ ಮುಂದೆ, ಕೊರಳಲ್ಲಿ ಮಾಲೆ ಹಾಕಿಕೊಂಡು, ಮೈಯೆಲ್ಲ ನಾಚಿಕೆಯಾಗಿ, ಆದರೂ ಗಂಟಲು ತೆರೆದು ಹೇಳಿದೆ. "ಉಚ್ಚಿ ಬಂದೈತ್ರೀ! ನನಗ ಗೊತ್ತಾಗಾಕತ್ತೈತಿ!"

ಕಾಕಾ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಒಂದಿಬ್ಬರು ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಫಕೀರಪ್ಪ ನನ್ನನ್ನೇ ನೋಡುತ್ತ ನಿಂತ. ನನ್ನ ಮುಖದಲ್ಲಿ ಏನು ಕಂಡನೋ, ತಾಟನ್ನು ಡಿಪೋ ಮ್ಯಾನೇಜರ್ ಕೈಗೆ ತುರುಕಿ ಓಡಿ ಬಂದು ಕುರ್ಚಿಯ ಹಿಡಿ ಹಿಡಿದ.

"ಏ, ಸರೀರಿ! ದಾರಿ ಬಿಡ್ರಿ! ಕಾಕಾ, ಕಾಲ ತೆಗೀರಿ!"

"ಹಿಡಕೋ ಯವ್ವಾ, ಹಿಡಕೋ," ಎನ್ನುತ್ತ ಅತ್ತೆ ಮುಂದೆ ಓಡಿ ಬಚ್ಚಲ ಬಾಗಿಲು ತೆರೆದರು. ಪಲ್ಲವಿ ಇನ್ನೊಂದು ಕಡೆ ಹಿಡಿದಳು. ಕುರ್ಚಿ ಹೊಸ್ತಿಲಿಗೆ ಬಡಿದು ಹಾರಿತು. ಪೇಢೆಯ ಡಬ್ಬಿ ಯಾರದೋ ಕಾಲಿಗೆ ಸಿಕ್ಕಿ ಉರುಳಿತು.

"ಹಿಡಕೊಂಡೀನ್ರಿ ಅತ್ತಿ, ಹಿಡಕೊಂಡೀನಿ!" ಎಂದು ನಾನು ಕೂಗುತ್ತಲೇ ಇದ್ದೆ.

ಅವರು ನನ್ನನ್ನು ಕೂಡಿಸಿ ಹೊರಗೆ ಹೋದರು. ಬಾಗಿಲು ಮುಂದೆ ಮಾಡಿ ಫಕೀರಪ್ಪ ಅದಕ್ಕೇ ಬೆನ್ನು ಕೊಟ್ಟು ನಿಂತದ್ದು, ಬಿಕ್ಕುತ್ತಿದ್ದದ್ದು ನನಗೆ ಒಳಗಿನಿಂದಲೇ ತಿಳಿಯುತ್ತಿತ್ತು. ನಾನು ಬಿಗಿ ಬಿಟ್ಟೆ. ನಾನೇ ಬಿಟ್ಟೆ. ಖಾಲಿ ಬಚ್ಚಲಲ್ಲಿ ಆ ಸದ್ದು ಹೊರಗೆ ಕೂತ ಅಷ್ಟೂ ಜನರಿಗೆ ಕೇಳಿಸಿರಬೇಕು. ಕೇಳಲಿ ಬಿಡಿ.